ಬೋರ್ಡಿಲ್ಲದ ವಕೀಲರ ಆಫೀಸು: ಮನೆ ಓನರ್ ಒಬ್ಬಳ ರಿವ್ಯೂ

ಹೋಟೆಲ್ಲಿಗೆ ಹೋಗಿ ಬಂದರೆ ರಿವ್ಯೂ ಬರೆಯುತ್ತೇವೆ, ಮಿಕ್ಸಿ ತಗೊಂಡರೂ ಬರೆಯುತ್ತೇವೆ. ವಕೀಲರ ಆಫೀಸಿನ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಅಲ್ಲಿಗೆ ಹೋಗಿದ್ದೆ ಅನ್ನುವುದೇ ಹೊರಗೆ ಗೊತ್ತಾಗಬಾರದು, ಅಲ್ವಾ? ನಾನು ಬರೆಯುತ್ತಿದ್ದೇನೆ. ಆದರೆ ಆಫೀಸಿನ ಹೆಸರು ಹಾಕುವುದಿಲ್ಲ. ಅವರನ್ನೇ ಕೇಳಿದೆ, ಬೇಡ ಆಂಟಿ ಅಂದರು. ಅಲ್ಲಿಗೆ ಬಂದು ಹೋಗುವವರನ್ನು ಬೀದಿಯಲ್ಲಿ ನಿಂತು ಯಾರೂ ಗುರುತು ಹಿಡಿಯಬಾರದು, ಅದಕ್ಕೆ.

ಬೆಂಗಳೂರಿನ ವಸಂತನಗರದ ಒಂದು ಹಳೇ ಮನೆ. ಕೆಳಗೆ ಟೈಲರ್ ಅಂಗಡಿ, ಎದುರಿಗೆ ಇಸ್ತ್ರಿ ಗಾಡಿ, ಪಕ್ಕದಲ್ಲಿ ಒಬ್ಬರೇ ಹತ್ತುವಷ್ಟು ಇಕ್ಕಟ್ಟಾದ ಮೆಟ್ಟಿಲು. ಮೇಲೆ ಹೋದರೆ ಬಾಗಿಲ ಮೇಲೆ ಏನೂ ಬರೆದಿಲ್ಲ. ಮೊದಲ ಸಲ ನಾನು ಯಾರದ್ದೋ ಮನೆಗೆ ನುಗ್ಗಿದೆ ಅಂದುಕೊಂಡು ವಾಪಸ್ ಇಳಿದುಬಿಟ್ಟಿದ್ದೆ. ಒಟ್ಟು ನಾಲ್ಕು ಜನ ವಕೀಲರು, ಟೈಪಿಂಗ್‌ಗೆ ಒಬ್ಬ ಹುಡುಗ. ವಿದೇಶದಿಂದ ಬಂದು ಇಲ್ಲಿ ಸಿಕ್ಕಿಕೊಂಡಿರುವ ಗೇ, ಲೆಸ್ಬಿಯನ್, ಟ್ರಾನ್ಸ್ ಜನರಿಗೆ, ವಾಪಸ್ ಕಳಿಸಿದರೆ ಜೀವಕ್ಕೆ ಅಪಾಯ ಅನ್ನುವವರಿಗೆ, ಕಾನೂನಿನ ಸಹಾಯ ಮಾಡುತ್ತಾರೆ. ಇವರಿಗೆ ಅದೊಂದೇ ಕೆಲಸವಲ್ಲ, ಬೇರೆ ಕೇಸುಗಳೂ ಇವೆ. ನಾನು ಹೋಗಿದ್ದು ಇದಕ್ಕೆ.

ನನ್ನ ವಿಷಯ ಸ್ವಲ್ಪ ಹೇಳುತ್ತೇನೆ. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡಿದು ರಿಟೈರ್ ಆದವಳು. ಹೆಣ್ಣೂರು ಕಡೆ ಮನೆ. ಮೇಲಿನ ಒಂದು ರೂಮು, ಅಡುಗೆಮನೆ ಬಾಡಿಗೆಗೆ ಕೊಟ್ಟಿದ್ದೇನೆ. ನಮ್ಮ ಕಡೆ ಆಫ್ರಿಕಾದ ಹುಡುಗರು ಓದೋಕೆ ಬಂದು ಇರುವುದು ಹೊಸದೇನಲ್ಲ. ಕೊತ್ತನೂರು, ಕಮ್ಮನಹಳ್ಳಿ, ಎಲ್ಲ ಕಡೆ ಇದ್ದಾರೆ. ಮೂರು ವರ್ಷದ ಹಿಂದೆ ನಮ್ಮ ಮಹಡಿಗೆ ಒಬ್ಬ ಬಂದ. ಹೆಸರು ಬೇಡ, ಮಹಡಿ ಹುಡುಗ ಅನ್ನೋಣ. ದೇಶದ ಹೆಸರೂ ಹೇಳುವುದಿಲ್ಲ. ಫ್ರೆಂಚ್ ಮಾತಾಡುವ ದೇಶ ಅಂತ ಮಾತ್ರ ಇಟ್ಟುಕೊಳ್ಳಿ. ವಿದೇಶಿಯರಿಗೆ ಮನೆ ಕೊಟ್ಟರೆ ಓನರ್ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸುವ ಫಾರಂ ತುಂಬಿಸಬೇಕು, ನಾನು ತುಂಬಿಸಿದಾಗ ಅದರ ಹೆಸರು ಸಿ ಫಾರಂ. ಎಷ್ಟೋ ಓನರ್‌ಗಳಿಗೆ ಅದೇ ಗೊತ್ತಿಲ್ಲ. ನಾನು ಬ್ಯಾಂಕಿನವಳು, ಫಾರಂ ಅಂದರೆ ಬಿಡುವುದಿಲ್ಲ, ತುಂಬಿಸಿದ್ದೆ. ಆಮೇಲೆ ಅದೇ ಕಾಗದ ನಮ್ಮನ್ನು ಕಾಪಾಡಿತು.

ಒಳ್ಳೆ ಹುಡುಗ. ಸದ್ದಿಲ್ಲ, ಗದ್ದಲ ಇಲ್ಲ. ನೀರಿನ ಮೋಟಾರ್ ಆಫ್ ಮಾಡೋದು ನಾನು ಮರೆತರೆ ಅವನೇ ಮಾಡುತ್ತಿದ್ದ. ಅಮ್ಮ ಊಟ ಆಯ್ತಾ ಅನ್ನೋದೊಂದು ಕಲಿತಿದ್ದ, ಬೆಳಿಗ್ಗೆ ಆರು ಗಂಟೆಗೂ ಅದನ್ನೇ ಕೇಳುತ್ತಿದ್ದ. ಒಂದು ಸಲ ಬಾಡಿಗೆ ತಡವಾಯಿತು, ಎರಡನೇ ತಿಂಗಳೂ ತಡ. ಮೂರನೇ ತಿಂಗಳು ನಾನೇ ಮಹಡಿ ಹತ್ತಿದೆ. ಹುಡುಗ ಗೋಡೆಗೆ ಒರಗಿ ಕೂತಿದ್ದಾನೆ, ಕೈಯಲ್ಲಿ ಒಂದು ಕಾಗದ. ಲೀವ್ ಇಂಡಿಯಾ ನೋಟಿಸ್. ಹದಿನೈದು ದಿನದೊಳಗೆ ದೇಶ ಬಿಡಬೇಕು.

ಆಗಿದ್ದು ಹೀಗೆ. ಊರಿನಲ್ಲಿ ಅವನ ಹಳೇ ಫೋನು ತಮ್ಮನ ಕೈಗೆ ಸಿಕ್ಕಿದೆ. ಅದರಲ್ಲಿ ಇವನೂ ಇನ್ನೊಬ್ಬ ಹುಡುಗನೂ ಬರೆದುಕೊಂಡ ಮಾತುಗಳಿವೆ. ತಮ್ಮ ಅಪ್ಪನಿಗೆ ತೋರಿಸಿದ. ಅಪ್ಪ ಹಣ ಕಳಿಸೋದು ನಿಲ್ಲಿಸಿದರು. ಫೀಸು ಕಟ್ಟಲಿಲ್ಲ, ಕಾಲೇಜಿನವರು ಹೆಸರು ತೆಗೆದರು, ಕಾಲೇಜಿಲ್ಲದ ಮೇಲೆ ಸ್ಟೂಡೆಂಟ್ ವೀಸಾ ಮುಂದುವರಿಯಲಿಲ್ಲ. ವೀಸಾ ಮುಗಿದ ಮೇಲೆ ನೋಟಿಸ್ ಬರುತ್ತದೆ, ಅದು ಅವರ ಕೆಲಸ, ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಊರಿಗೆ ಹೋದರೆ? ಆ ಇನ್ನೊಬ್ಬ ಹುಡುಗ ಆಗಲೇ ಪೊಲೀಸರ ಕೈಯಲ್ಲಿದ್ದಾನಂತೆ.

ನಿಜ ಹೇಳುತ್ತೇನೆ. ನನಗೆ ಮೊದಲು ಹೊಳೆದದ್ದು ಮನೆ ಖಾಲಿ ಮಾಡಿಸಬೇಕು ಅಂತಲೇ. ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮಗಳು ಹೊರದೇಶದಲ್ಲಿದ್ದಾಳೆ, ಒಂದು ಸ್ಟಾಂಪಿಗಾಗಿ ಎಂಟು ತಿಂಗಳು ಒದ್ದಾಡಿದವಳು. ಅವಳ ಮನೆ ಓನರ್ ಇದೇ ತರ ಯೋಚನೆ ಮಾಡಿದ್ದರೆ ಏನಾಗುತ್ತಿತ್ತು ಅಂತ ಅನ್ನಿಸಿತು. ಬೆಳಿಗ್ಗೆ ಎದ್ದು ಕಾಫಿ ಕೊಟ್ಟು, ಬಾ ವಕೀಲರನ್ನು ಹುಡುಕೋಣ ಅಂದೆ.

ವಸಂತನಗರಕ್ಕೆ ಹೋಗುವ ಮುಂಚೆ ಇನ್ನಿಬ್ಬರ ಹತ್ತಿರ ಕೈ ಸುಟ್ಟುಕೊಂಡೆವು. ಒಬ್ಬ ವೀಸಾ ಏಜೆಂಟ್. ನನಗೆ ಹೇಳುವ ಮುಂಚೆಯೇ ಹುಡುಗ ಅವನಿಗೆ 45,000 ರೂಪಾಯಿ ಕೊಟ್ಟಿದ್ದ, ಬಾಡಿಗೆ ದುಡ್ಡು ಹೋಗಿದ್ದು ಅಲ್ಲಿಗೇ. ಅವನು ಏನೂ ಮಾಡಲಿಲ್ಲ. ಮಾಡಲಿಲ್ಲ ಅನ್ನುವುದಕ್ಕಿಂತ ಕೆಟ್ಟದ್ದು, ನೀನು ಗೇ ಅನ್ನೋದಕ್ಕೆ ಸಾಕ್ಷಿ ಬೇಕು, ಫೋಟೋ ವಿಡಿಯೋ ರೆಡಿ ಮಾಡಿಟ್ಟುಕೋ ಅಂತ ಬೇರೆ ಹೇಳಿದ್ದ. ಎಂಥ ವಿಡಿಯೋ ಅಂತ ನಾನು ಬರೆಯುವುದಿಲ್ಲ, ನಿಮಗೇ ಗೊತ್ತಾಗುತ್ತದೆ. ಇನ್ನೊಬ್ಬರು ದೊಡ್ಡ ವಕೀಲರು, ಏಸಿ ರೂಮು, ಹತ್ತು ನಿಮಿಷಕ್ಕೆ 5,000. ಕೇಳಿಸಿಕೊಂಡು ನಕ್ಕು, ಟಿಕೆಟ್ ಬುಕ್ ಮಾಡಿಸಿ ಅಂದರು. ನಕ್ಕಿದ್ದು ಮರೆಯಲಿಕ್ಕಾಗುವುದಿಲ್ಲ.

ಕೊನೆಗೆ ನನ್ನ ಹಳೇ ಸಹೋದ್ಯೋಗಿಯ ಮಗಳು ಈ ಆಫೀಸಿನ ನಂಬರ್ ಕೊಟ್ಟಳು.

ಈಗ ರಿವ್ಯೂಗೆ ಬರುತ್ತೇನೆ. ಮೊದಲನೇ ದಿನ ಎರಡೂವರೆ ಗಂಟೆ ಕೂರಿಸಿಕೊಂಡರು, ಅದರಲ್ಲಿ ಮುಕ್ಕಾಲು ಪಾಲು ನಮ್ಮಿಂದ ಏನು ಆಗುವುದಿಲ್ಲ ಅನ್ನುವುದನ್ನೇ ಹೇಳಿದರು. ನನಗೆ ಕೋಪ ಬಂತು. ಇದನ್ನು ಕೇಳೋಕೆ ಮೂರು ಬಸ್ ಬದಲಾಯಿಸಿ ಬಂದೆವಾ ಅನ್ನಿಸಿತು. ಆದರೆ ಏಜೆಂಟ್ ಮೂರೇ ನಿಮಿಷದಲ್ಲಿ ಎಲ್ಲ ಆಗುತ್ತೆ ಅಂದಿದ್ದ. ಅದು ನೆನಪಾಗಿ ಸುಮ್ಮನೆ ಕೂತೆ. ಈಗ ಯೋಚಿಸಿದರೆ ಆ ಎರಡೂವರೆ ಗಂಟೆಯೇ ಇವರ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವ ಭಾಗ.

ಅವರು ಹೇಳಿದ್ದರ ಸಾರ ಇದು. ನಿರಾಶ್ರಿತರ ಬಗ್ಗೆ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, 1967ರ ಪ್ರೊಟೊಕಾಲ್‌ಗೂ ಇಲ್ಲ. ನಮ್ಮಲ್ಲಿ ನಿರಾಶ್ರಿತರಿಗೆ ಅಂತಲೇ ಒಂದು ಕಾನೂನೂ ಇಲ್ಲ. ಇರುವುದು ವಿದೇಶಿಯರ ಕಾನೂನು. 1946ರ ಹಳೇ ಕಾಯ್ದೆ ಹೋಗಿ 2025ರ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ, ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿ. ವೀಸಾ ಮುಗಿದ ಮೇಲೂ ಉಳಿದುಕೊಂಡರೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಾನು ಮಧ್ಯೆ ಬಾಯಿ ಹಾಕಿದೆ. ಬೈಲುಕುಪ್ಪೆಯಲ್ಲಿ ಟಿಬೆಟಿನವರಿಗೆ ಜಾಗ ಕೊಟ್ಟಿಲ್ಲವಾ ಮೇಡಂ, ನಮ್ಮ ಮೈಸೂರು ರಾಜ್ಯವೇ ಅಲ್ವಾ ಕೊಟ್ಟಿದ್ದು, ಅರವತ್ತರ ದಶಕದಲ್ಲಿ? ವಕೀಲೆ ನಕ್ಕರು. ಈ ನಗು ಬೇರೆ ತರದ್ದು. ಕೊಟ್ಟರು ಆಂಟಿ, ಆದರೆ ಅದು ಸರ್ಕಾರ ಮನಸ್ಸು ಮಾಡಿ ಕೊಟ್ಟದ್ದು, ಟಿಬೆಟಿನವರು ಹಕ್ಕು ಅಂತ ಕೇಳಿ ತಗೊಂಡದ್ದಲ್ಲ, ಇವನ ವಿಷಯದಲ್ಲಿ ಸರ್ಕಾರ ಇನ್ನೂ ಮನಸ್ಸು ಮಾಡಿಲ್ಲ ಅಂದರು. ಇಷ್ಟು ಸರಳವಾಗಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಹಾಗಾದರೆ ಹಿಡಿದುಕೊಳ್ಳೋಕೆ ಏನಿದೆ? ಸಂವಿಧಾನದ 21ನೇ ವಿಧಿ ಇದೆ. ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ನಾಗರಿಕರಿಗಷ್ಟೇ ಅಲ್ಲ, ಈ ನೆಲದ ಮೇಲಿರುವ ಯಾರಿಗೇ ಆದರೂ ಉಂಟು. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ ಚಕ್ಮಾ ಜನರ ಕೇಸಿನಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಸಾವಿನ ಬಾಯಿಗೆ ವಾಪಸ್ ನೂಕಬಾರದು ಅನ್ನುವ ತತ್ವವನ್ನು 1998ರಲ್ಲಿ ಗುಜರಾತ್ ಹೈಕೋರ್ಟ್, 2021ರಲ್ಲಿ ಮಣಿಪುರ ಹೈಕೋರ್ಟ್ ಒಪ್ಪಿವೆ. ನನ್ನ ಮುಖ ಅರಳಿತು. ಅಷ್ಟರಲ್ಲಿ ವಕೀಲೆ ಇನ್ನೊಂದು ಕಾಗದ ತೆಗೆದರು. ಅದೇ 2021ರ ಏಪ್ರಿಲ್‌ನಲ್ಲಿ ರೋಹಿಂಗ್ಯಾಗಳ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ಗಡಿಪಾರು ತಡೆಯಲು ಒಪ್ಪಲಿಲ್ಲ. ನಿಯಮ ಪಾಲಿಸಿ ಕಳಿಸಿ ಅಂದಿತು ಅಷ್ಟೇ. ಇಲ್ಲೇ ಇರುವ ಹಕ್ಕು 19ನೇ ವಿಧಿಯಲ್ಲಿದೆ, ಅದು ನಾಗರಿಕರಿಗೆ ಮಾತ್ರ. ನೋಡಿ ಆಂಟಿ, ಎರಡು ಕಡೆಯದ್ದೂ ನಿಮಗೆ ಗೊತ್ತಿರಲಿ, ನಾಳೆ ನಮ್ಮನ್ನು ಬೈಬಾರದು ಅಂದರು.

ಇದಾದ ಮೇಲೆ ದಾರಿ ಹೇಳಿದರು. ಕೇಂದ್ರ ಗೃಹ ಸಚಿವಾಲಯದ್ದೇ ಒಂದು ಕಾರ್ಯವಿಧಾನ ಇದೆ, 2011ರ ಕೊನೆಯಲ್ಲಿ ಬಂದದ್ದು, 2019ರಲ್ಲಿ ತಿದ್ದಿದ್ದು. ನಾನು ನಿರಾಶ್ರಿತ ಅಂತ ಹೇಳಿಕೊಳ್ಳುವ ವಿದೇಶಿಯರನ್ನು ಹೇಗೆ ನೋಡಬೇಕು ಅನ್ನುವುದು ಅದರಲ್ಲಿದೆ. ಎರಡನೆಯದು ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿ, ಯುಎನ್‌ಎಚ್‌ಸಿಆರ್. ಅವರ ಆಫೀಸು ದೆಹಲಿಯಲ್ಲಿದೆ. ಚೆನ್ನೈನಲ್ಲೂ ಒಂದಿದೆ, ಅಲ್ಲಿ ಮುಖ್ಯವಾಗಿ ಶ್ರೀಲಂಕಾದವರ ಕೆಲಸ. ಬೆಂಗಳೂರಿನಲ್ಲಿ ಇಲ್ಲ. ಅವರು ಹೆಸರು ನೋಂದಾಯಿಸಿ, ಸಂದರ್ಶನ ಮಾಡಿ, ಒಪ್ಪಿದರೆ ಕಾರ್ಡ್ ಕೊಡುತ್ತಾರೆ. ಆ ಕಾರ್ಡಿಗೆ ನಮ್ಮ ಕಾನೂನಿನಲ್ಲಿ ವೀಸಾದ ಬೆಲೆ ಇಲ್ಲ. ಆದರೂ ಕೈಯಲ್ಲಿ ಏನೂ ಇಲ್ಲದಿರುವುದಕ್ಕೂ ಅದು ಇರುವುದಕ್ಕೂ ತುಂಬ ವ್ಯತ್ಯಾಸ. ಇನ್ನೊಂದು ಮುಖ್ಯ ವಿಷಯ, ಅವರ ಯಾವ ಕೆಲಸಕ್ಕೂ ದುಡ್ಡಿಲ್ಲ. ಯುಎನ್ ಕಾರ್ಡ್ ಮಾಡಿಸಿಕೊಡ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹುಡುಗನಿಗೆ ಒಂದು ಸಂಶಯ ಇತ್ತು. ನಾನು ಊರಿಂದ ಓಡಿ ಬಂದವನಲ್ಲ, ಓದೋಕೆ ಬಂದವನು, ಭಯ ಆಮೇಲೆ ಹುಟ್ಟಿದ್ದು, ನಾನು ನಿರಾಶ್ರಿತ ಹೇಗಾಗ್ತೀನಿ ಅಂತ. ವಕೀಲೆ ಅದಕ್ಕೆ ಕಾನೂನಿನಲ್ಲಿ ಹೆಸರೇ ಇದೆ, ಸುರ್ ಪ್ಲಾಸ್ ಅಂತಾರೆ ಅಂದರು. ಹೊರಗೆ ಬಂದ ಮೇಲೆ ಊರಿನ ಪರಿಸ್ಥಿತಿ ಬದಲಾದರೂ ಲೆಕ್ಕಕ್ಕೆ ಬರುತ್ತದೆ. ಅದು ಫ್ರೆಂಚ್ ಪದ. ತನ್ನ ಭಾಷೆಯ ಪದ ಕೇಳಿ ಹುಡುಗ ಒಂದು ವಾರದಲ್ಲಿ ಮೊದಲ ಸಲ ನಕ್ಕ.

ವಿಡಿಯೋ ವಿಷಯವನ್ನು ಅವನು ತಲೆ ತಗ್ಗಿಸಿಕೊಂಡು ಹೇಳಿದ. ವಕೀಲೆ ಪೆನ್ ಕೆಳಗಿಟ್ಟರು. ಅಂಥದ್ದು ಯಾರೂ ಕೇಳಬಾರದು, ನೀನೂ ಕೊಡಬಾರದು ಅಂದರು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರಲ್ಲೇ ಇಂಥ ವಿಡಿಯೋ, ಪರೀಕ್ಷೆ ಎಲ್ಲ ಕೂಡದು, ಕೊಟ್ಟರೂ ತಗೋಬಾರದು ಅಂದಿದೆಯಂತೆ. ನಮ್ಮಲ್ಲಿ ಆ ತೀರ್ಪು ನಡೆಯುವುದಿಲ್ಲ, ಆದರೆ ಯುಎನ್‌ಎಚ್‌ಸಿಆರ್‌ನ 2012ರ ಮಾರ್ಗಸೂಚಿಯೂ ಮನುಷ್ಯನ ಮಾತೇ ಮುಖ್ಯ ಅನ್ನುತ್ತದೆ. ಮತ್ತೆ ಇನ್ನೊಂದು ಕೇಸು ಹೇಳಿದರು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಮಾನಿಸಿದ್ದು, ಇರಾನ್‌ನ ಒಬ್ಬ, ಕ್ಯಾಮರೂನ್‌ನ ಒಬ್ಬ. ಊರಿಗೆ ಹೋಗಿ ಮುಚ್ಚಿಟ್ಟುಕೊಂಡು ಬದುಕಿ, ಏನೂ ಆಗಲ್ಲ ಅಂತ ಕೆಳಗಿನ ಕೋರ್ಟ್ ಅವರನ್ನು ವಾಪಸ್ ಕಳಿಸಲು ಹೊರಟಿತ್ತು. ಹಿಂಸೆಯ ಭಯಕ್ಕೇ ಮುಚ್ಚಿಟ್ಟುಕೊಂಡು ಬದುಕಬೇಕಾದವನೂ ನಿರಾಶ್ರಿತನೇ ಅಂತ ಮೇಲಿನ ಕೋರ್ಟ್ ಒಪ್ಪಿಕೊಂಡಿತು. ನಾನು ಆ ದೊಡ್ಡ ವಕೀಲರ ನಗು ನೆನೆಸಿಕೊಂಡೆ. ಅವರ ಮಾತಿನ ಅರ್ಥವೂ ಅದೇ ಅಲ್ಲವಾ.

ಇನ್ನು ಹೇಳಿಕೆ ಬರೆಸಿಕೊಂಡ ಬಗ್ಗೆ. ಇದಕ್ಕೆ ಹತ್ತಕ್ಕೆ ಹತ್ತು. ನಾಲ್ಕು ಸಲ ಕರೆಸಿದರು. ಮೊದಲ ಸಲ ಆ ವಿಷಯವನ್ನೇ ಎತ್ತಲಿಲ್ಲ. ಮನೆಯಲ್ಲಿ ಎಷ್ಟು ಜನ, ಶಾಲೆ ಎಷ್ಟು ದೂರ, ಫುಟ್‌ಬಾಲ್‌ನಲ್ಲಿ ಯಾವ ಜಾಗದಲ್ಲಿ ಆಡುತ್ತಿದ್ದೆ, ಇಂಥದ್ದೇ. ಎರಡನೇ ಸಲ, ನೀನು ಬೇರೆಯವರ ತರ ಇಲ್ಲ ಅಂತ ನಿನಗೆ ಮೊದಲು ಯಾವಾಗ ಅನ್ನಿಸಿತು ಅಂತ ಕೇಳಿದರು. ಯಾರ ಜೊತೆ ಮಲಗಿದೆ ಅಂತ ಒಂದು ಸಲವೂ ಕೇಳಲಿಲ್ಲ. ಆಮೇಲೆ ಗೊತ್ತಾಯಿತು, ಇದಕ್ಕೊಂದು ಕ್ರಮವೇ ಇದೆ, ಬ್ರಿಟನ್ನಿನ ವಕೀಲ ಎಸ್. ಚೆಲ್ವನ್ ಅನ್ನುವವರು ಮಾಡಿದ್ದು. ತಾನು ಬೇರೆ ಅನ್ನಿಸಿದ್ದು, ಊರಿನವರು ಕೀಳಾಗಿ ಕಂಡದ್ದು, ಅದರಿಂದ ಒಳಗೇ ನಾಚಿಕೊಂಡದ್ದು, ಕೊನೆಗೆ ಆದ ಹಾನಿ. ಈ ನಾಲ್ಕು ಎಳೆ ಹಿಡಿದು ಕೇಳುತ್ತಾ ಹೋದರೆ ಮನುಷ್ಯ ತಾನಾಗೇ ಹೇಳುತ್ತಾನೆ. ಹಾಸಿಗೆ ವಿಷಯ ಬೇಕಾಗುವುದೇ ಇಲ್ಲ.

ತಾರೀಕುಗಳದ್ದು ಇನ್ನೊಂದು ಕಥೆ. ಒಂದು ಕಡೆ ಮಾರ್ಚ್ ಅಂತ ಹೇಳಿ ಇನ್ನೊಂದು ಕಡೆ ಮೇ ಅಂತ ಹೇಳಿದರೆ ಸುಳ್ಳು ಅಂತ ಬರೆದುಬಿಡುತ್ತಾರಂತೆ. ಹುಡುಗನಿಗೆ ತಾರೀಕೇ ನೆನಪಿರುವುದಿಲ್ಲ. ಟೈಪಿಂಗ್ ಹುಡುಗ ಹಳೇ ಕ್ಯಾಲೆಂಡರ್ ಹಾಳೆಗಳನ್ನು ತಿರುವಿಹಾಕಿ ಅಂಟಿಸಿ ಉದ್ದಕ್ಕೆ ನೆಲದ ಮೇಲೆ ಹಾಸಿದ. ತಾರೀಕು ಬೇಡ, ಅವತ್ತು ಮಳೆ ಇತ್ತಾ, ಪರೀಕ್ಷೆ ಮುಗಿದಿತ್ತಾ, ಯಾವ ಮ್ಯಾಚ್ ನಡೀತಿತ್ತು ಹೇಳು ಅಂದ. ವರ್ಲ್ಡ್ ಕಪ್ ಫೈನಲ್ ಹಿಡಿದು ಹಿಂದಕ್ಕೂ ಮುಂದಕ್ಕೂ ಎಣಿಸಿ ಆರು ವರ್ಷದ ಬದುಕನ್ನು ಸಾಲಾಗಿ ಬರೆದರು. ನಾನು ಬ್ಯಾಂಕಿನಲ್ಲಿ ಎಷ್ಟೋ ಲೆಕ್ಕ ತಾಳೆ ಹಾಕಿದ್ದೇನೆ, ಇಂಥ ತಾಳೆ ನೋಡಿರಲಿಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತಲೇ ಬರೆದರು. ಒಂದು ಮಾತೂ ಹೆಚ್ಚಿಗೆ ಸೇರಿಸಲಿಲ್ಲ. ಹುಡುಗನೇ ಒಮ್ಮೆ, ಹೊಡೆದರು ಅಂತ ಸೇರಿಸಿದರೆ ಒಳ್ಳೆಯದಾ ಅಂತ ಕೇಳಿದ. ಹೊಡೆದರಾ? ಇಲ್ಲ. ಹಾಗಾದರೆ ಬೇಡ.

ಮೂರನೇ ಸಲ ಅವನು ಅತ್ತ. ನಾನು ಹೊರಗಿನ ಬೆಂಚಿನ ಮೇಲಿದ್ದೆ. ಒಳಗೆ ಬರುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದರು, ಅದು ಸರಿಯಾದ ನಿಯಮ. ಆಗ ನನ್ನ ಜೊತೆ ಕೂತಿದ್ದ ಜೂನಿಯರ್ ಹುಡುಗಿ ಒಂದು ಮಾತು ತಿದ್ದಿದಳು. ನಾನು ಸಲಿಂಗಕಾಮಿ ಅಂದೆ. ಆ ಕಾಮಿ ಬೇಡ ಆಂಟಿ, ಸಲಿಂಗಿ ಅನ್ನಿ, ಇಲ್ಲ ಸುಮ್ನೆ ಗೇ ಅನ್ನಿ ಅಂದಳು. ಪೇಪರಿನಲ್ಲಿ ಹಾಗೇ ಬರೆಯುತ್ತಾರಲ್ಲ ಅಂದೆ. ಪೇಪರಿನವರಿಗೂ ಹೇಳ್ತಾನೇ ಇದ್ದೀವಿ ಅಂದಳು. ನನಗೆ ಅರವತ್ತೊಂದು ವರ್ಷ, ಕಲಿಯೋಕೆ ಇನ್ನೂ ಇದೆ.

ಈಗ ದೂರುಗಳು. ಇವೆ, ಮುಚ್ಚಿಡುವುದಿಲ್ಲ.

ಮೊದಲನೆಯದು ದುಭಾಷಿ. ಹುಡುಗನ ಇಂಗ್ಲಿಷ್ ಅಷ್ಟಕ್ಕಷ್ಟೇ, ಮನಸ್ಸಿನ ಮಾತು ಹೇಳಲು ಫ್ರೆಂಚೇ ಬೇಕು. ಇವರು ಕರೆಸಿದ ದುಭಾಷಿ ಅವನದೇ ದೇಶದವನು, ಅವನು ಹೋಗುವ ಚರ್ಚಿಗೇ ಹೋಗುವವನು! ಹುಡುಗ ಅವನ ಮುಖ ನೋಡಿದ ತಕ್ಷಣ ಬಾಯಿ ಮುಚ್ಚಿಕೊಂಡ, ನನಗೇನೂ ತೊಂದರೆ ಇಲ್ಲ, ವೀಸಾ ವಿಷಯ ಕೇಳೋಕೆ ಬಂದೆ ಅಂತ ಹೇಳಿ ಎದ್ದು ಬಂದ. ಆ ದಿನ ಕೆಲಸ ಕೆಟ್ಟಿತು, ಅಷ್ಟೇ ಅಲ್ಲ, ಮೂರು ದಿನ ಅವನು ರೂಮಿನಿಂದ ಹೊರಗೆ ಬರಲಿಲ್ಲ. ಹದಿನೈದರಲ್ಲಿ ಮೂರು ದಿನ. ಇಂಥ ಕೆಲಸ ಮಾಡುವವರಿಗೆ ಇದು ಮೊದಲೇ ತಿಳಿದಿರಬೇಕಿತ್ತು. ನಾನು ಫೋನ್ ಮಾಡಿ ಚೆನ್ನಾಗೇ ಬೈದೆ. ವಾದ ಮಾಡಲಿಲ್ಲ, ತಪ್ಪಾಯಿತು ಅಂದರು. ಆಮೇಲೆ ಬಂದವಳು ನಮ್ಮ ಮಲ್ಲೇಶ್ವರದ ಹುಡುಗಿ, ವಸಂತನಗರದಲ್ಲೇ ಇರುವ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್ ಕಲಿತವಳು. ಅವನ ಊರಿನ ಯಾರೂ ಅವಳಿಗೆ ಗೊತ್ತಿಲ್ಲ. ಆಗ ಮಾತು ಬಂತು. ಈಗ ಇವರು ದುಭಾಷಿಯ ಹೆಸರು ಮೊದಲೇ ಹೇಳಿ ಒಪ್ಪಿಗೆ ಕೇಳುತ್ತಾರಂತೆ.

ಎರಡನೆಯದು ಫೋನು. ಎತ್ತುವುದಿಲ್ಲ. ಕೋರ್ಟಿನಲ್ಲಿ ಇರುತ್ತಾರೆ, ಸರಿ, ಸಂಜೆ ಆರರ ಮೇಲಾದರೂ ಎತ್ತಬಹುದಲ್ಲ. ನೋಟಿಸ್ ಮುಗಿಯೋಕೆ ಐದು ದಿನ ಇರುವಾಗ ಒಂದು ಇಡೀ ದಿನ ಯಾರೂ ಸಿಗಲಿಲ್ಲ. ಅವತ್ತು ನಮ್ಮ ಬಿಪಿ ಎಷ್ಟಿತ್ತೋ.

ಮೂರನೆಯದು ಸಣ್ಣದು, ಆದರೆ ಹೇಳುತ್ತೇನೆ. ಎಲ್ಲ ಕಾಗದ ಇಂಗ್ಲಿಷಿನಲ್ಲಿ. ಮನೆ ಓನರ್ ಅಂತ ನಾನು ಸಹಿ ಹಾಕಿದ ಅಫಿಡವಿಟ್ ಕೂಡ. ನನಗೆ ಓದಲು ಬರುತ್ತದೆ, ಎಲ್ಲ ಓನರ್‌ಗಳಿಗೂ ಬರುವುದಿಲ್ಲ. ಒಂದು ಕನ್ನಡ ಪ್ರತಿ ಮಾಡಿಟ್ಟರೆ ಏನು ಕಷ್ಟ?

ಹನ್ನೊಂದನೇ ದಿನ ಶಾಂತಿನಗರಕ್ಕೆ ಹೋದೆವು. ಬಸ್ ಸ್ಟ್ಯಾಂಡಿನ ಮೇಲಿನ ಕಟ್ಟಡ, ಐದನೇ ಮಹಡಿ, ವಿದೇಶಿಯರ ನೋಂದಣಿ ಕಚೇರಿ. ಕೆಳಗೆ ಬಸ್ಸಿನ ಹಾರನ್ನು, ಮೇಲೆ ಎಲ್ಲ ದೇಶದ ಪಾಸ್‌ಪೋರ್ಟು. ಅಲ್ಲಿಗೆ ಹೋಗುವ ಮುಂಚೆ ವಕೀಲೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಹುಡುಗನಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ. ದೆಹಲಿಯಲ್ಲಿ ನೀನು ಎಲ್ಲವನ್ನೂ ಬಿಚ್ಚಿ ಹೇಳಬೇಕು, ಇಲ್ಲಿ ಕೇಳಿದ್ದಕ್ಕಷ್ಟೇ ಉತ್ತರ, ಸುಳ್ಳು ಮಾತ್ರ ಎರಡು ಕಡೆಯೂ ಬೇಡ. ಕೌಂಟರ್‌ನಲ್ಲಿ ಹಿಂದೆ ಹತ್ತು ಜನ ನಿಂತಿರುತ್ತಾರೆ, ಅದರಲ್ಲಿ ಅವನ ದೇಶದವರೂ ಇರಬಹುದು. ಅದಕ್ಕೆ ಇಡೀ ವಿಷಯವನ್ನು ಬರೆದು ಮುಚ್ಚಿದ ಲಕೋಟೆಯಲ್ಲಿ ಮನವಿ ಕೊಟ್ಟರು. ಯುಎನ್‌ಎಚ್‌ಸಿಆರ್‌ಗೆ ಅರ್ಜಿ ಕಳಿಸಿದ್ದಕ್ಕೆ ದಾಖಲೆ, ನನ್ನ ಅಫಿಡವಿಟ್, ನಾನು ತುಂಬಿಸಿದ್ದ ಸಿ ಫಾರಂ, ಎಲ್ಲ ಜೊತೆಗೆ. ಇವನು ತಲೆ ತಪ್ಪಿಸಿಕೊಂಡು ತಿರುಗುವವನಲ್ಲ ಅನ್ನೋದಕ್ಕೆ ಆ ಸಿ ಫಾರಂಗಿಂತ ಒಳ್ಳೆ ಸಾಕ್ಷಿ ಬೇರೆ ಇರಲಿಲ್ಲ. ಅಲ್ಲಿದ್ದ ಅಧಿಕಾರಿ ಪೂರ್ತಿ ಓದಿ, ನನ್ನ ಕಡೆ ನೋಡಿ, ನೀವು ಯಾಕೆ ಬಂದಿರಿ ಅಮ್ಮ ಅಂತ ಕನ್ನಡದಲ್ಲಿ ಕೇಳಿದರು. ಬಾಡಿಗೆಯವನು ಸಾರ್ ಅಂದೆ. ಬೇರೆ ಉತ್ತರ ಹೊಳೆಯಲಿಲ್ಲ. ಎರಡು ತಿಂಗಳ ಸಮಯ ಸಿಕ್ಕಿತು.

ಹೈಕೋರ್ಟಿಗೆ ರಿಟ್ ಅರ್ಜಿಯೂ ಬ್ಯಾಗಿನಲ್ಲಿ ರೆಡಿ ಇತ್ತು. ಹಾಕಲಿಲ್ಲ. ಯಾಕೆ ಹಾಕಲಿಲ್ಲ ಅಂದರೆ, ಅರ್ಜಿ ಹಾಕಿದ ತಕ್ಷಣ ಹೆಸರು ಕೋರ್ಟಿನ ವೆಬ್‌ಸೈಟಿನಲ್ಲಿ ಬರುತ್ತದೆ. ಊರಿನಲ್ಲಿ ಕೂತ ತಮ್ಮ ಅಣ್ಣನ ಹೆಸರು ಹಾಕಿ ಹುಡುಕಿದರೆ ಸಾಕು. ಹೆಸರು ಮುಚ್ಚಿಡಿ ಅಂತ ಕೋರ್ಟನ್ನು ಕೇಳಿಕೊಳ್ಳಬಹುದು, ಅದಕ್ಕೂ ಒಂದು ಅರ್ಜಿ ಜೊತೆಗೇ ಟೈಪ್ ಮಾಡಿಟ್ಟಿದ್ದರು. ಆದರೂ ಕೊನೆಯ ದಾರಿ ಅಂತ ಇಟ್ಟುಕೊಂಡರು. ಬೇರೆ ವಕೀಲರಾಗಿದ್ದರೆ ಮೊದಲ ದಿನವೇ ಹಾಕಿ ಫೀಸು ತಗೊಂಡಿರುತ್ತಿದ್ದರು ಅನ್ನುವುದು ನನ್ನ ಅನಿಸಿಕೆ.

ಗೇ ಜನರ ಬಗ್ಗೆ ಕಾನೂನು ಎಲ್ಲಿ ಹೇಗಿದೆ ಅಂತ ಅಲ್ಲಿ ಕಾಯುವಾಗ ಸ್ವಲ್ಪ ತಿಳಿದುಕೊಂಡೆ. ಉಗಾಂಡಾದಲ್ಲಿ 2023ರ ಕಾನೂನಿನ ಪ್ರಕಾರ ಕೆಲವು ಸಂದರ್ಭಗಳಲ್ಲಿ ಮರಣದಂಡನೆವರೆಗೆ ಹೋಗುತ್ತದೆ. ನೈಜೀರಿಯಾದಲ್ಲಿ ಮದುವೆ ಅಂತ ಮಾಡಿಕೊಂಡರೆ 14 ವರ್ಷ. ಕ್ಯಾಮರೂನ್‌ನಲ್ಲಿ 5 ವರ್ಷದವರೆಗೆ. ಇದರಲ್ಲಿ ಯಾವುದು ಅವನ ಊರು ಅಂತ ಲೆಕ್ಕ ಹಾಕಬೇಡಿ, ಯಾವುದೂ ಇರದೆ ಇರಬಹುದು. ನಮ್ಮಲ್ಲೂ 2018ರ ಸೆಪ್ಟೆಂಬರ್ 6ರವರೆಗೆ 377ನೇ ಸೆಕ್ಷನ್ ಪ್ರಕಾರ ಸಲಿಂಗ ಸಂಬಂಧ ಅಪರಾಧವಾಗಿತ್ತಲ್ಲ, ಅದನ್ನು ತೆಗೆದ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ನಾನು ಬ್ಯಾಂಕಿನಲ್ಲಿದ್ದೆ, ಕ್ಯಾಂಟೀನಿನಲ್ಲಿ ಎಲ್ಲರೂ ಏನೋ ಜೋಕ್ ಮಾಡಿ ನಕ್ಕೆವು. ನಾನೂ ನಕ್ಕಿದ್ದೆ. ಇದೇ ತೀರ್ಪು ಓದಿ, ಇಂಡಿಯಾದಲ್ಲಿ ಅಪರಾಧ ಅಲ್ಲ ಅಂತ ಗೊತ್ತಾಗಿ ಈ ಊರು ಆರಿಸಿಕೊಂಡೆ ಅಂತ ಹುಡುಗ ಒಂದು ದಿನ ಹೇಳಿದ.

ದೆಹಲಿಯ ಸಂದರ್ಶನಕ್ಕೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋದ, ಎರಡು ರಾತ್ರಿಯ ದಾರಿ. ಯಾರಾದರೂ ದಾರಿಯಲ್ಲಿ ಕಾಗದ ಕೇಳಿದರೆ ತೋರಿಸಲು ಆಫೀಸಿನವರು ಒಂದು ಪತ್ರ ಕೊಟ್ಟರು, ಅದರಲ್ಲಿ ಗೇ ಅನ್ನುವ ಪದ ಎಲ್ಲೂ ಇಲ್ಲ. ಇಂಥ ಸೂಕ್ಷ್ಮ ಇವರಿಗಿದೆ. ನಾನು ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟೆ. ಅವನಿಗೆ ಚಟ್ನಿಪುಡಿ ಅಂದರೆ ಹುಚ್ಚು. ಫಲಿತಾಂಶ ಇನ್ನೂ ಬಂದಿಲ್ಲ. ಆಗಲ್ಲ ಅಂದರೆ ಸಾಮಾನ್ಯವಾಗಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು, ಅದರ ಕರಡೂ ಆಗಲೇ ರೆಡಿ. ಶಾಂತಿನಗರದ ಸಮಯ ಒಂದು ಸಲ ಮುಂದಕ್ಕೆ ಹೋಗಿದೆ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಫೀಸು ಇಲ್ಲ. ಜೆರಾಕ್ಸ್, ನೋಟರಿ, ಕೊರಿಯರ್ ಎಲ್ಲ ಸೇರಿ 1,850 ರೂಪಾಯಿ ಆಯಿತು, ರಸೀದಿ ಕೊಟ್ಟರು. ಏಜೆಂಟ್ 45,000ಕ್ಕೆ ರಸೀದಿ ಕೊಟ್ಟಿರಲಿಲ್ಲ. ಶಕ್ತಿ ಇರುವವರಿಂದ ಫೀಸು ತಗೋತಾರೆ, ಎಷ್ಟು ಅಂತ ಮೊದಲ ದಿನವೇ ಬರೆದು ಕೊಡುತ್ತಾರೆ.

ನಿಮ್ಮ ಗೊತ್ತಿನವರು ಆಗಲೇ ಒಳಗಿದ್ದರೆ, ಅಂದರೆ ಪೊಲೀಸರ ಕೈಯಲ್ಲೋ, ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿರುವ ವಿದೇಶಿಯರ ಕೇಂದ್ರದಲ್ಲೋ ಇದ್ದರೆ, ಈ ಆಫೀಸಿಗೆ ಕಾಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರು ಪುಕ್ಕಟೆ ವಕೀಲರನ್ನು ಕೇಳಬಹುದು. ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ, ಇಲ್ಲ ಸಿದ್ದಯ್ಯ ರಸ್ತೆಯಲ್ಲಿ ಅದರ ಆಫೀಸಿರುವ ನ್ಯಾಯದೇಗುಲಕ್ಕೆ ಹೋಗಿ. ಅಲ್ಲಿ ವಕೀಲರು ಸಿಗುತ್ತಾರೆ, ಈ ವಿಷಯ ಗೊತ್ತಿರುವ ವಕೀಲರೇ ಸಿಗಬೇಕು ಅಂತೇನಿಲ್ಲ. ಅದಕ್ಕೆ ಸಿಕ್ಕವರನ್ನೂ ಇವರನ್ನೂ ಜೋಡಿಸಿ. ಇವರ ನಂಬರ್ ಬೇಕಾದರೆ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಗಳಲ್ಲಿ ವಿಚಾರಿಸಿ, ನಮಗೆ ಸಿಕ್ಕಿದ್ದು ಅಲ್ಲಿಂದಲೇ ಹರಿದು ಬಂದ ನಂಬರ್.

ಐದಕ್ಕೆ ನಾಲ್ಕು ಕೊಡುತ್ತೇನೆ. ಅರ್ಧ ದುಭಾಷಿಗೆ ಕಳೆದೆ, ಅರ್ಧ ಫೋನಿಗೆ. ಹೋಗುವವರು ಪಾಸ್‌ಪೋರ್ಟು, ನೋಟಿಸ್ ಬಂದ ಲಕೋಟೆ ಸಮೇತ, ಬಾಡಿಗೆ ಕರಾರು, ಸಿ ಫಾರಂ ತಗೊಂಡು ಹೋಗಿ. ಲಕೋಟೆ ಬಿಸಾಕಬೇಡಿ, ಅದರ ಮೇಲಿನ ತಾರೀಕು ಬೇಕಾಗುತ್ತದೆ. ಮಂಗಳವಾರ ಹೋಗಬೇಡಿ, ಅವತ್ತು ಎಲ್ಲರೂ ಕೋರ್ಟಿನಲ್ಲಿರುತ್ತಾರೆ. ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿನವರು ಕೆಳಗಿಂದಲೇ ಕೂಗಿ, ಇಸ್ತ್ರಿಯವನು ಮೇಲೆ ಹೋಗಿ ಹೇಳುತ್ತಾನೆ.